ಮೋಟಾರ್ ರಕ್ಷಣಾ ರಿಲೇ: ಕಾಂಟ್ಯಾಕ್ಟರ್ ಕಾಯಿಲ್‌ಗೆ ಎನ್‌ಸಿಯೋ, ಎನ್‌ಓನೋ?

ಪ್ರಶ್ನೆ:
ನಮಸ್ಕಾರ. 415 ವೋಲ್ಟ್, 22 ಕಿಲೋವ್ಯಾಟ್ ಪಂಪ್ ಮೋಟಾರಿನ ಪ್ಯಾನೆಲ್‌ನಲ್ಲಿ ಹಳೆಯ ಥರ್ಮಲ್ ಓವರ್‌ಲೋಡ್ ರಿಲೇ ತೆಗೆದು ಎಲೆಕ್ಟ್ರಾನಿಕ್ ರಕ್ಷಣಾ ರಿಲೇ ಅಳವಡಿಸಿದ್ದೇನೆ. ಹಿಂದೆ ಹಳೆಯದರ 95-96 ಎಂಬ ಎನ್‌ಸಿ (ಸಾಮಾನ್ಯವಾಗಿ ಮುಚ್ಚಿರುವ) ಟರ್ಮಿನಲ್‌ಗಳಲ್ಲಿದ್ದ ವೈರುಗಳನ್ನು ಹೊಸದರ ಎನ್‌ಸಿ ಟರ್ಮಿನಲ್‌ಗಳಿಗೇ ಕೊಟ್ಟೆ. ರಿಲೇಗೆ ಸಪ್ಲೈ ಬಂದೊಡನೆ ಟಕ್ಕೆಂಬ ಸದ್ದಾಗುತ್ತದೆ. ಆಮೇಲೆ ಸ್ಟಾರ್ಟ್ ಒತ್ತಿದರೂ ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಬಂದಾಗ ಮೋಟಾರಿಗೆ ಸಪ್ಲೈ ಕೊಡುವ ಸ್ವಿಚ್) ಎಳೆಯುವುದಿಲ್ಲ. ಟ್ರಿಪ್ ದೀಪವೂ ಉರಿಯುತ್ತಿಲ್ಲ.

ಉತ್ತರ 1:
ಆ ಸದ್ದಿನಲ್ಲೇ ನಿಮ್ಮ ಉತ್ತರವಿದೆ ಸರ್. ಔಟ್‌ಪುಟ್ ಫೇಲ್‌ಸೇಫ್ ಕ್ರಮದಲ್ಲಿದೆ, ಅಂದರೆ ಎಲ್ಲವೂ ಸರಿಯಿರುವಾಗ ಒಳಗಿನ ರಿಲೇ ಎಳೆದುಕೊಂಡೇ ಇದ್ದು, ಟ್ರಿಪ್ ಆದಾಗ ಅಥವಾ ಅದರ ಸಪ್ಲೈಯೇ ಹೋದಾಗ ಬಿಟ್ಟುಕೊಡುತ್ತದೆ. ಟರ್ಮಿನಲ್ ಮೇಲಿನ ಎನ್‌ಸಿ (ಮುಚ್ಚಿದ), ಎನ್‌ಓ (ತೆರೆದ) ಎಂಬ ಗುರುತುಗಳು ಸಪ್ಲೈ ಇಲ್ಲದ ಸ್ಥಿತಿಯವು; ಸಪ್ಲೈ ಬಂದು ರಿಲೇ ಎಳೆದೊಡನೆ ಎನ್‌ಸಿ ತೆರೆದು ಎನ್‌ಓ ಮುಚ್ಚುತ್ತದೆ. ಆದ್ದರಿಂದ ಕಾಯಿಲ್‌ನ ಸರ್ಕ್ಯೂಟನ್ನು ಎನ್‌ಓ ಮೂಲಕ ಒಯ್ಯಬೇಕು. ಸೆಟ್ಟಿಂಗ್ ಬದಲಿಸಿ ಎನ್‌ಸಿಯಲ್ಲೇ ಓಡಿಸಬಹುದು, ಆದರೆ ರಿಲೇಯ ಸಪ್ಲೈ ಫ್ಯೂಸ್ ಹೋದ ದಿನ ಮೋಟಾರು ಯಾವ ರಕ್ಷಣೆಯೂ ಇಲ್ಲದೆ ಓಡುತ್ತಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಉತ್ತರ 2:
ರಿಲೇ ಕಾಂಟ್ಯಾಕ್ಟ್‌ನ ಎಸಿ-15 (ಕಾಯಿಲ್‌ನಂಥ ಎಸಿ ಲೋಡಿನ) ರೇಟಿಂಗನ್ನೂ ನೋಡಿ. ರೆಸಿಸ್ಟಿವ್ ಲೋಡಿಗೆ ಬರೆದಿರುವ 5 ಆಂಪಿಯರ್ ಕಾಯಿಲ್‌ಗೆ ಅನ್ವಯಿಸುವುದಿಲ್ಲ. ಕಾಯಿಲ್‌ನ ಎ1-ಎ2 ಟರ್ಮಿನಲ್‌ಗಳ ನಡುವೆ ಆರ್‌ಸಿ ಸಪ್ರೆಸರ್ (ವೋಲ್ಟೇಜ್ ಏರಿಕೆ ತಗ್ಗಿಸುವ ಭಾಗ) ಹಾಕಿದರೆ ಕಾಂಟ್ಯಾಕ್ಟ್ ಬಾಳಿಕೆ ಬರುತ್ತದೆ.

ಉತ್ತರ 3:
ಕಾಂಟ್ಯಾಕ್ಟರ್ ಬದಲು ಶಂಟ್ ಟ್ರಿಪ್ (ಕರೆಂಟ್ ಕೊಟ್ಟಾಗ ಬ್ರೇಕರ್ ಬೀಳಿಸುವ ಕಾಯಿಲ್) ಇರುವ ಬ್ರೇಕರ್ ಆದರೆ ಲೆಕ್ಕ ತಿರುಗುತ್ತದೆ: ಅಲ್ಲಿ ಟ್ರಿಪ್ ಆದಾಗ ಮಾತ್ರ ಮುಚ್ಚುವ ಕಾಂಟ್ಯಾಕ್ಟ್ ಬೇಕು, ಜೊತೆಗೆ ಬ್ರೇಕರ್‌ನದೇ ಆಕ್ಸಿಲಿಯರಿ ಎನ್‌ಓ (ಬ್ರೇಕರ್ ಬಿದ್ದೊಡನೆ ತೆರೆಯುವ ಕಾಂಟ್ಯಾಕ್ಟ್) ಸರಣಿಯಲ್ಲಿರಬೇಕು, ಇಲ್ಲವಾದರೆ ಟ್ರಿಪ್ ಕಾಯಿಲ್ ಸುಡಬಹುದು.

ಪ್ರಶ್ನೆ ಕೇಳಿದವರು:
ಪ್ಯಾನೆಲ್ ಐಸೊಲೇಟ್ ಮಾಡಿ ವೈರನ್ನು ಎನ್‌ಓಗೆ ಬದಲಿಸಿದೆ, ಮೋಟಾರು ಓಡಿತು. ಓಡುತ್ತಿರುವಾಗ ರಿಲೇಯ ಎಂಸಿಬಿ ಇಳಿಸಿ ನೋಡಿದೆ. ಕಾಂಟ್ಯಾಕ್ಟರ್ ತಕ್ಷಣ ಬಿಟ್ಟಿತು. ಎಲ್ಲರಿಗೂ ಧನ್ಯವಾದಗಳು.