ಮರ್ಕ್ಸ್ 49.431 ಕಿ.ಮೀ.: ಮುರಿದ ದಾಖಲೆ ಮತ್ತೆ ಪಟ್ಟಿಗೆ ಬಂದದ್ದು ಹೇಗೆ?

ಫಿಕ್ಸೆಡ್_ಗೇರ್: ಸೈಕಲ್ ಓಟಗಾರ ಎಡ್ಡಿ ಮರ್ಕ್ಸ್ 1972ರ ಅಕ್ಟೋಬರ್ 25ರಂದು ಮೆಕ್ಸಿಕೋ ಸಿಟಿಯಲ್ಲಿ ಟ್ರ್ಯಾಕಿನಲ್ಲಿ 49.431 ಕಿ.ಮೀ. ಹೊಡೆದು ಗಂಟೆ ದಾಖಲೆ (ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ) ಮಾಡಿದ್ದು ಗೊತ್ತು. 1984ರಲ್ಲಿ ಮೋಸರ್ ಅದೇ ಊರಲ್ಲಿ 51.151 ಮಾಡಿದ. ಹಾಗಿದ್ದೂ 2000ರಲ್ಲಿ ಬೋರ್ಡ್‌ಮನ್ ಬರೀ 49.441 ಮಾಡಿ ದಾಖಲೆ ಮುರಿದ ಅಂತ ಪಟ್ಟಿ ಹೇಳುತ್ತೆ. ಇದು ಹೇಗೆ? ಇನ್ನೊಂದು, ಮರ್ಕ್ಸ್ ಬಳಸಿದ 52×14 (ಮುಂದೆ 52 ಹಲ್ಲು, ಹಿಂದೆ 14) ಅಷ್ಟು ಭಾರದ ಗೇರಾ?

ಕಡ್ಡಿಚಕ್ರ: ಮೋಸರ್ ಡಿಸ್ಕ್ ಚಕ್ರ (ಕಡ್ಡಿಯ ಬದಲು ಮುಚ್ಚಿದ ತಟ್ಟೆ) ಹಾಕಿದ್ದ. ಆಮೇಲೆ ಒಬ್ರೀ, ಬೋರ್ಡ್‌ಮನ್ ಕೈ ಮಡಚಿ, ಕೈ ಚಾಚಿ ಕೂರುವ ಭಂಗಿಗಳನ್ನು ತಂದರು. 1996ರಲ್ಲಿ ಬೋರ್ಡ್‌ಮನ್ 56.375ಕ್ಕೆ ಹೋದ. ಓಡಿದ್ದು ಕಾಲೋ ಸೈಕಲ್ಲೋ ಅನ್ನುವ ಜಗಳ ಶುರುವಾಯಿತು. 2000ದಲ್ಲಿ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಈ ಸಾಧನೆಗಳನ್ನೆಲ್ಲ ಬೇರೆ ಪಟ್ಟಿಗೆ ಹಾಕಿ, ಗಂಟೆ ದಾಖಲೆಗೆ ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲೇ ಬೇಕು ಅಂದಿತು: ಕಡ್ಡಿಯ ಚಕ್ರ, ಕೆಳಗೆ ಬಾಗಿದ ಡ್ರಾಪ್ ಹ್ಯಾಂಡಲ್. ಹಾಗಾಗಿ ಮರ್ಕ್ಸ್‌ನ 49.431ವೇ ಮತ್ತೆ ಮುರಿಯಬೇಕಾದ ದಾಖಲೆಯಾಯಿತು. ಬೋರ್ಡ್‌ಮನ್ ಅಂಥದ್ದರಲ್ಲೇ ಮ್ಯಾಂಚೆಸ್ಟರ್‌ನಲ್ಲಿ 10 ಮೀಟರ್ ಹೆಚ್ಚು ಹೊಡೆದ. ಮೆಕ್ಸಿಕೋ ಸಿಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ತಡೆ ಕಡಿಮೆ. ಹಾಗಾಗಿ ಆ 10 ಮೀಟರ್ ಅಂತರ ನೋಡಿ ಇಬ್ಬರನ್ನು ತೂಗಬೇಡಿ.

ಪೆಡಲ್_ಲೆಕ್ಕ: ಗೇರ್ ಬಗ್ಗೆ: 52÷14 ಅಂದರೆ 3.71. ಚಕ್ರದ ಸುತ್ತಳತೆ ಸುಮಾರು 2.1 ಮೀ. ಅಂತ ಹಿಡಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಹೆಚ್ಚುಕಮ್ಮಿ 7.8 ಮೀ. ಸಾಗುತ್ತೆ. 49,431 ಮೀಟರಿಗೆ ನಿಮಿಷಕ್ಕೆ 105ರ ಆಸುಪಾಸು ಸುತ್ತು. ಗೇರ್ ಭಾರವೇನಲ್ಲ. ಕಷ್ಟ ಬೇರೆ ಕಡೆ ಇದೆ: ಫಿಕ್ಸೆಡ್‌ನಲ್ಲಿ (ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುವ ಸೈಕಲ್) ಒಂದು ಗಂಟೆ ಕಾಲಿಗೆ ಬಿಡುವಿಲ್ಲ, ಸೀಟಿನಿಂದ ಏಳೋ ಹಾಗಿಲ್ಲ, ತಿರುವಿನಲ್ಲೂ ತುಳೀತಾನೇ ಇರಬೇಕು.

ಮರ್ಕ್ಸ್‌ನ ವೇಗ ಹಂಚಿಕೆ ನೋಡಿ. ಮೊದಲ 10 ಕಿ.ಮೀ. 11 ನಿ. 53.2 ಸೆಕೆಂಡು, ಅಂದರೆ ಗಂಟೆಗೆ 50.5 ಕಿ.ಮೀ. ವೇಗ! 20 ಕಿ.ಮೀ. ಮುಟ್ಟಿದ್ದು 24 ನಿ. 06.8ಕ್ಕೆ, ಎರಡನೇ ಹತ್ತರಲ್ಲಿ ವೇಗ 49.1ಕ್ಕೆ ಇಳಿದಿತ್ತು. ತೆಳು ಗಾಳಿಯಲ್ಲಿ ಇದು ಅಪಾಯದ ಆರಂಭ. ತಡೆ ಕಡಿಮೆ ಇರೋದರಿಂದ ಸೈಕಲ್ ಸಲೀಸಾಗಿ ಓಡುತ್ತೆ, ಆದರೆ ಒಮ್ಮೆ ಉಸಿರಿಗೆ ಸಿಗೋದಕ್ಕಿಂತ ಹೆಚ್ಚು ತುಳಿದು ಆಮ್ಲಜನಕದ ಸಾಲ ಮಾಡಿಕೊಂಡರೆ ತುಳಿಯುತ್ತಲೇ ತೀರಿಸೋದು ಬಹಳ ಕಷ್ಟ. ಸಾಮಾನ್ಯವಾಗಿ ಹೀಗೆ ಶುರು ಮಾಡಿದವರು ಅರ್ಧ ಗಂಟೆ ಆದ ಮೇಲೆ ಕುಸೀತಾರೆ. ಇವನು ಉಳಿದ 29.431 ಕಿ.ಮೀ.ಯನ್ನು 49.2ರ ಸರಾಸರಿಯಲ್ಲಿ ಮುಗಿಸಿದ. ಜಿರೊ (ಇಟಲಿ), ಟೂರ್ (ಫ್ರಾನ್ಸ್) ಎರಡೂ ದೊಡ್ಡ ರೇಸ್ ಗೆದ್ದ ವರ್ಷದ ಕೊನೆಯಲ್ಲಿ!

ಫಿಕ್ಸೆಡ್_ಗೇರ್: ಧನ್ಯವಾದ. ಇಟಲಿಯ ಸೈಕಲ್ ತಯಾರಕ ಕೊಲ್ನಾಗೊ ಕಟ್ಟಿದ ಮರ್ಕ್ಸ್‌ನ ಆ ಸೈಕಲ್ 6 ಕಿಲೋನೂ ಇರಲಿಲ್ಲವಂತೆ. ಅದರಿಂದ ಎಷ್ಟು ಲಾಭ?

ಕಡ್ಡಿಚಕ್ರ: ಟೈಟೇನಿಯಂ ಸ್ಟೆಮ್ (ಹ್ಯಾಂಡಲ್ ಹಿಡಿಯುವ ಕೊಂಡಿ), ತೂತು ಕೊರೆದ ಚೈನು ಎಲ್ಲ ಹೌದು. ಆದರೆ ಅಷ್ಟು ಚಂದದ ಕೆಲಸಕ್ಕೆ ಸಿಕ್ಕಿದ್ದು ತೀರಾ ಕಡಿಮೆ. ಸಮತಟ್ಟು ಟ್ರ್ಯಾಕಿನಲ್ಲಿ ತೂಕ ಕಾಡುವುದು ಹೊರಡುವಾಗ, ವೇಗ ಏರುವ ತನಕ ಮಾತ್ರ. ಆಮೇಲೆ ಶಕ್ತಿಯ ಬಹುಪಾಲು ಗಾಳಿಗೇ ಹೋಗುತ್ತೆ. 2005ರಲ್ಲಿ ಜೆಕ್ ಓಟಗಾರ ಸೊಸೆಂಕಾ ಇದೇ ಹಳೇ ನಿಯಮದಲ್ಲಿ 49.700 ಮಾಡಿದ್ದು 10 ಕಿಲೋ ಹತ್ತಿರದ ಸೈಕಲ್ಲಿನಲ್ಲಿ. ಅದರ ಒಂದು ಚಕ್ರವೇ 3 ಕಿಲೋ ದಾಟಿತ್ತು, ಅದೂ ಒಮ್ಮೆ ಹಿಡಿದ ವೇಗ ಸಮವಾಗಿ ಉಳಿಯಲಿ ಅಂತ ಬೇಕೆಂದೇ ಹಾಕಿಸಿದ್ದು.