ಪಹಣಿ ಮಾವನವರ ಹೆಸರಿನಲ್ಲೇ ಇದೆ: ಸರ್ಕಾರಿ ನೆರವಿಗೆ ಮೊದಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ (ಹಾವೇರಿ ಜಿಲ್ಲೆಯ ಸದಸ್ಯೆ):
ನಮಸ್ಕಾರ ಸರ್. ನಮಗೆ ಮೂರೂವರೆ ಎಕರೆ ಮಳೆಯಾಶ್ರಿತ ಹೊಲವಿದ್ದು, ಮುಂಗಾರಿನಲ್ಲಿ ಗೋವಿನಜೋಳ ಬಿತ್ತುತ್ತೇವೆ. ಮಾವನವರು 2022ರಲ್ಲಿ ತೀರಿಕೊಂಡರು, ಆದರೆ ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಅವರಿಗೆ ಬರುತ್ತಿದ್ದ ಪಿಎಂ ಕಿಸಾನ್ ಹಣ ನಿಂತಿದೆ, ಸೊಸೈಟಿಯಲ್ಲಿ ಸಾಲ ಕೇಳಿದರೆ ನಿಮ್ಮ ಹೆಸರಿನ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ತನ್ನಿ ಎನ್ನುತ್ತಾರೆ. ಮನೆಯಲ್ಲಿ ಅತ್ತೆ, ನನ್ನ ಗಂಡ ಮತ್ತು ಮೈದುನ ಇದ್ದೇವೆ. ಇಬ್ಬರು ನಾದಿನಿಯರನ್ನು ಮದುವೆ ಮಾಡಿ ಕೊಟ್ಟಿದೆ. ಯಾವ ಯೋಜನೆಗೆ ಮೊದಲು ಅರ್ಜಿ ಹಾಕಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಕೃಷಿ ಅಧಿಕಾರಿ):
ಸಹೋದರಿ, ಸದ್ಯಕ್ಕೆ ಯಾವ ಯೋಜನೆಗೂ ಅರ್ಜಿ ಹಾಕಬೇಡಿ. ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನ ಪಹಣಿಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ತೀರಿಕೊಂಡವರ ಹೆಸರಿನಲ್ಲಿ ಪಹಣಿ ಇರುವವರೆಗೆ ಕೃಷಿ ಇಲಾಖೆ, ಸೊಸೈಟಿ, ವಿಮಾ ಕಂಪನಿ ಹೀಗೆ ಯಾರ ಕಂಪ್ಯೂಟರಿನಲ್ಲೂ ನಿಮ್ಮ ಮನೆಯವರು ರೈತರಾಗಿ ಕಾಣುವುದಿಲ್ಲ. ನನ್ನ ಅನುಭವದಲ್ಲಿ ಸಣ್ಣ ಹಿಡುವಳಿದಾರರ ಅರ್ಜಿಗಳು ಅರ್ಹತೆಯ ಕೊರತೆಯಿಂದ ತಿರಸ್ಕೃತವಾಗುವುದಕ್ಕಿಂತ ಹೆಚ್ಚಾಗಿ ದಾಖಲೆಯ ದೋಷದಿಂದ ತಿರಸ್ಕೃತವಾಗುತ್ತವೆ.

ಮಾವನವರ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಮತ್ತು ವಾರಸುದಾರರೆಲ್ಲರ ಆಧಾರ್ ಪ್ರತಿಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಅತ್ತೆಯವರ ಮತ್ತು ಇಬ್ಬರು ನಾದಿನಿಯರ ಹೆಸರು ಕಡ್ಡಾಯವಾಗಿ ಇರಲಿ. ‘ಅವರು ಗಂಡನ ಮನೆಯಲ್ಲಿದ್ದಾರೆ, ಹೆಸರು ಯಾಕೆ’ ಎಂದು ಬಿಟ್ಟು ಬರೆಸುವವರು ಈಗಲೂ ಇದ್ದಾರೆ. ಹಾಗೆ ಬರೆಸಿದ ಖಾತೆ ಮುಂದೆ ಒಂದು ತಕರಾರು ಅರ್ಜಿಗೆ ಬಿದ್ದುಹೋಗುತ್ತದೆ, ಆ ತಕರಾರು ಮುಗಿಯುವವರೆಗೆ ಸಾಲವೂ ಇಲ್ಲ, ಸಹಾಯಧನವೂ ಇಲ್ಲ. ನಾದಿನಿಯರು ತಮ್ಮ ಪಾಲನ್ನು ಬಿಟ್ಟುಕೊಡಲು ಒಪ್ಪುವುದಾದರೆ ಅದು ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಮೂಲಕ ಆಗಬೇಕೇ ಹೊರತು ಬಾಯಿಮಾತಿನಿಂದ ಅಲ್ಲ.

ಪೌತಿ ಖಾತೆಯಿಂದ ಹೊಲ ಪಾಲಾಗುವುದಿಲ್ಲ, ಹೆಸರುಗಳು ಜಂಟಿಯಾಗಿ ಕೂರುತ್ತವೆ, ಅಷ್ಟೆ. ಬೇರೆ ಬೇರೆ ಪಹಣಿ ಬೇಕಾದರೆ 11ಇ ನಕ್ಷೆ (ಹೊಲದ ಭಾಗಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗಪತ್ರ ನೋಂದಾಯಿಸಬೇಕಾಗುತ್ತದೆ. ಆ ಖರ್ಚಿಗೆ ಈಗಲೇ ಕೈಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಖಾತೆ ಆದ ನಂತರ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ರೈತರನ್ನು ನೋಂದಾಯಿಸುವ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನಿಮ್ಮ ಯಜಮಾನರ ಹೆಸರು ನೋಂದಾಯಿಸಿ, ಹೊಲದ ಸರ್ವೆ ನಂಬರನ್ನು ಅದಕ್ಕೆ ಜೋಡಿಸಿಕೊಳ್ಳಿ. ಅಲ್ಲಿ ಸಿಗುವ ಸಂಖ್ಯೆಯೇ ಎಫ್‌ಐಡಿ. ಸಹಾಯಧನದ ಬೀಜ, ಬೆಳೆ ವಿಮೆ, ಬೆಳೆ ಪರಿಹಾರ, ಸೊಸೈಟಿಯ ಸಾಲ ಎಲ್ಲದಕ್ಕೂ ಈಗ ಅದನ್ನೇ ಕೇಳುತ್ತಾರೆ. ಆಧಾರ್‌ನಲ್ಲಿ ‘ಬಸವರಾಜ’, ಪಹಣಿಯಲ್ಲಿ ‘ಬಸಪ್ಪ’ ಎಂಬಂತಹ ವ್ಯತ್ಯಾಸವಿದ್ದರೆ ಅಲ್ಲಿಯೇ ಹೇಳಿ ಸರಿಪಡಿಸಿಕೊಳ್ಳಿ.

ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. 2019ರ ಫೆಬ್ರುವರಿ 1ರ ನಂತರ ಜಮೀನು ಪಡೆದವರಿಗೆ ಈ ಯೋಜನೆ ಅನ್ವಯಿಸುವುದಿಲ್ಲವಾದರೂ, ಮರಣದಿಂದ ವಾರಸಾಗಿ ಬಂದ ಜಮೀನಿಗೆ ವಿನಾಯಿತಿ ಇದೆ. ಆದ್ದರಿಂದ ನೀವು ಹೊಸದಾಗಿ ಅರ್ಜಿ ಹಾಕಬಹುದು. ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು, ಹಾಗಾಗಿ ನಿಮ್ಮ ಮೈದುನನ ಸಂಸಾರವನ್ನು ಬೇರೆ ಕುಟುಂಬವೆಂದೇ ಎಣಿಸುತ್ತಾರೆ. ಮಾವನವರು ತೀರಿಕೊಂಡ ಮೇಲೂ ಅವರ ಖಾತೆಗೆ ಕಂತು ಬಂದಿದ್ದರೆ ಅದನ್ನು ಮುಟ್ಟದೆ ಇಲಾಖೆಗೆ ತಿಳಿಸಿ, ಏಕೆಂದರೆ ಅದನ್ನು ವಸೂಲಿ ಮಾಡುತ್ತಾರೆ.

ಮರುಪ್ರಶ್ನೆ (ಅದೇ ಸದಸ್ಯೆ):
ತುಂಬಾ ಉಪಕಾರವಾಯಿತು ಸರ್. ಸೊಸೈಟಿಯ ಸಾಲಕ್ಕೆ ಬಡ್ಡಿ ಇಲ್ಲ ಎನ್ನುವುದು ನಿಜವೇ? ಬೆಳೆ ವಿಮೆ ಕಟ್ಟಿಯೂ ಹಣ ಬರಲಿಲ್ಲ ಎಂದು ನಮ್ಮೂರಿನಲ್ಲಿ ಅನೇಕರು ಹೇಳುತ್ತಾರೆ. ಅದನ್ನು ನಂಬಬಹುದೇ?

ಉತ್ತರ:
ಸಾಲದ ಮಾತು ನಿಜ. ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ ಬಡ್ಡಿ ಇಲ್ಲ, ಮತ್ತು ಕೈಗೆ ಸಿಗುವ ಮೊತ್ತ ನಿಮ್ಮ ಬೆಳೆ ಹಾಗೂ ವಿಸ್ತೀರ್ಣವನ್ನು ಅವಲಂಬಿಸಿರುತ್ತದೆ. ಮಾವನವರ ಹೆಸರಿನಲ್ಲಿ ಹಳೆಯ ಬಾಕಿ ಇದೆಯೇ ಎಂದು ಸಂಘದ ಕಾರ್ಯದರ್ಶಿಯವರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ವಿಮೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತರು ವಿಮಾ ಮೊತ್ತದ ಶೇ. 2ರಷ್ಟು, ಹಿಂಗಾರಿಗೆ ಶೇ. 1.5ರಷ್ಟು, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5ರವರೆಗೆ ಕಂತು ಕಟ್ಟುತ್ತಾರೆ. ನಷ್ಟದ ಲೆಕ್ಕವನ್ನು ನಿಮ್ಮೊಬ್ಬರ ಹೊಲ ನೋಡಿ ಹಾಕುವುದಿಲ್ಲ; ಬೆಳೆಗೆ ಅನುಗುಣವಾಗಿ ಗ್ರಾಮ ಪಂಚಾಯಿತಿ ಅಥವಾ ಹೋಬಳಿಯನ್ನು ಒಂದು ಘಟಕವೆಂದು ಹಿಡಿದು, ಅಲ್ಲಿನ ಬೆಳೆ ಕಟಾವು ಪ್ರಯೋಗಗಳ (ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ ನೋಡುವುದು) ಸರಾಸರಿ ಇಳುವರಿಯ ಮೇಲೆ ಹಾಕುತ್ತಾರೆ. ನಿಮ್ಮ ಹೊಲ ಹಾಳಾಗಿ ಸುತ್ತಲಿನ ಹೊಲಗಳು ಚೆನ್ನಾಗಿದ್ದರೆ ಆ ಲೆಕ್ಕದಲ್ಲಿ ಹಣ ಬರುವುದಿಲ್ಲ. ಆಲಿಕಲ್ಲು ಮಳೆ ಅಥವಾ ಜಲಾವೃತದಂತಹ ಸ್ಥಳೀಯ ಹಾನಿಗೆ ಪ್ರತ್ಯೇಕ ತನಿಖೆ ಇದ್ದು, ಅದಕ್ಕೆ 72 ಗಂಟೆಯೊಳಗೆ ದೂರು ದಾಖಲಾಗಬೇಕು.

ಇನ್ನೊಂದು ಕಾರಣ ನಾವೇ ತಪ್ಪಿಸಬಹುದಾದದ್ದು. ವಿಮೆ ಗೋವಿನಜೋಳಕ್ಕೆ ಕಟ್ಟಿರುತ್ತಾರೆ, ಬೆಳೆ ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿನಲ್ಲಿ ಹತ್ತಿ ಎಂದು ದಾಖಲಾಗಿರುತ್ತದೆ. ಎರಡೂ ತಾಳೆಯಾಗದೆ ಅರ್ಜಿ ಬಿದ್ದುಹೋಗುತ್ತದೆ. ಆದ್ದರಿಂದ ಬೆಳೆ ನಿಂತಿರುವಾಗಲೇ ಸಮೀಕ್ಷೆಯ ಆ್ಯಪ್‌ನಲ್ಲಿ ನೀವೇ ಫೋಟೊ ತೆಗೆದು ಸೇರಿಸಿ, ಇಲ್ಲವಾದರೆ ಸಮೀಕ್ಷೆಯವರು ಏನು ನಮೂದಿಸಿದ್ದಾರೆಂದು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ. ಇಷ್ಟು ಮಾಡುವುದಾದರೆ ವಿಮೆ ಕಟ್ಟಿ ಎಂದೇ ನಾನು ಹೇಳುತ್ತೇನೆ.

ಪ್ರಶ್ನೆ (ಗದಗ ಜಿಲ್ಲೆಯ ಸದಸ್ಯ):
ಸರ್, ನಮಗೆ ಸ್ವಂತ ಹೊಲವೇ ಇಲ್ಲ. ಬೇರೆಯವರ ನಾಲ್ಕು ಎಕರೆಯನ್ನು ಲಾವಣಿಗೆ (ಗೇಣಿಗೆ) ಮಾಡುತ್ತೇವೆ, ಬರೆದುಕೊಟ್ಟ ಕಾಗದವೇನೂ ಇಲ್ಲ. ನಮ್ಮಂಥವರಿಗೆ ಏನಾದರೂ ಉಂಟೇ?

ಉತ್ತರ:
ಉಂಟು, ಆದರೆ ಬಹಳ ಕಡಿಮೆ. ಪಿಎಂ ಕಿಸಾನ್ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಬರ ಬಂದಾಗ ಹೆಕ್ಟೇರಿನ ಲೆಕ್ಕದಲ್ಲಿ ಕೊಡುವ ಬೆಳೆ ಪರಿಹಾರವೂ ಹೊಲದ ಒಡೆಯರ ಖಾತೆಗೇ ಹೋಗುತ್ತದೆ. ಬೀಜ, ಗೊಬ್ಬರ, ಆಳಿನ ಖರ್ಚು ಹೊತ್ತವರು ನೀವು, ಪರಿಹಾರ ಪಡೆಯುವವರು ಅವರು. ಇದು ನ್ಯಾಯವೆಂದು ನಾನು ಸೇವೆಯಲ್ಲಿದ್ದಾಗಲೂ ಒಪ್ಪಿರಲಿಲ್ಲ. 1974ರ ಭೂಸುಧಾರಣೆಯ ನಂತರ ರಾಜ್ಯದಲ್ಲಿ ಗೇಣಿ ಪದ್ಧತಿ ಕಾನೂನಿನಲ್ಲಿ ರದ್ದಾಗಿರುವುದರಿಂದ ಒಡೆಯರು ಕಾಗದ ಬರೆದುಕೊಡಲು ಹೆದರುತ್ತಾರೆ. ಹಾಗಾಗಿ ಒಂದು ವೇಳೆ ಪರಿಹಾರ ಬಂದರೆ ಅದನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಲಾವಣಿಯ ಮಾತು ಆಡುವಾಗಲೇ ಇಬ್ಬರು ಹಿರಿಯರ ಮುಂದೆ ನಿಶ್ಚಯಿಸಿಕೊಳ್ಳಿ.

ಸಾಲಕ್ಕೆ ಮಾತ್ರ ದಾರಿ ಇದೆ. ಕಿಸಾನ್ ಕ್ರೆಡಿಟ್ ಕಾರ್ಡ್ ನಿಯಮಗಳ ಪ್ರಕಾರ ಬಾಯಿಮಾತಿನ ಲಾವಣಿಯಲ್ಲಿ ಉಳುವವರೂ ಅರ್ಹರು. ಒಬ್ಬರೇ ಹೋದರೆ ಬ್ಯಾಂಕುಗಳು ಹಿಂಜರಿಯುತ್ತವೆ. ನಿಮ್ಮಂತೆಯೇ ಉಳುವ 4ರಿಂದ 10 ಜನ ಸೇರಿ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡು ಹೋದರೆ, ಒಬ್ಬರಿಗೊಬ್ಬರು ಜಾಮೀನಾಗುವುದರಿಂದ ಭೂಮಿಯ ಆಧಾರವಿಲ್ಲದೆಯೂ ಸಾಲ ಸಿಗುತ್ತದೆ. ಗುಂಪಿಗೆ ಯಾರನ್ನು ಸೇರಿಸಿಕೊಳ್ಳುತ್ತೀರಿ ಎಂಬುದರಲ್ಲಿ ಮುಲಾಜು ಬೇಡ, ಏಕೆಂದರೆ ಒಬ್ಬರು ಕಂತು ತಪ್ಪಿಸಿದರೂ ಉಳಿದವರೆಲ್ಲರ ಮುಂದಿನ ವರ್ಷದ ಸಾಲಕ್ಕೆ ಅಡ್ಡಿಯಾಗುತ್ತದೆ.