ಕೊಡಲಿ ಕಾವಿನ ‘ಗ್ರಿಪ್’ಗೆ ನಿಮ್ಮ ಕಡೆ ಏನಂತಾರೆ?

ಗೆಳೆಯರೇ,

ಮಂಡ್ಯದ ಸುತ್ತಮುತ್ತಲಿನ ರೈತರಿಗೆ ಅಂತ ಕೈಸಲಕರಣೆಗಳ ರಿಪೇರಿ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕಾವು, ಬೆಣೆ, ಮಚ್ಚಿನ ಹಿಡಿ, ನೇಗಿಲಿನ ಮೇಳಿ, ಎಲ್ಲವೂ ಸಲೀಸಾಗಿ ಬಂದವು. ನಿಂತುಹೋಗಿದ್ದು ‘ಗ್ರಿಪ್’ ಹತ್ತಿರ. ಕೈ ಬೆವರಿದರೂ ಕೊಡಲಿ ಜಾರದ ಹಾಗೆ ಕಾವಿನ ಮೈಗೆ ಒಂದು ಗುಣ ಇರಬೇಕಲ್ವಾ, ಅದು.

‘ಹಿಡಿತ’ ಸಾಕಲ್ಲ ಅನ್ನಬಹುದು. ಆದರೆ ಹಿಡಿತ ಕೈಯದ್ದು, ಮರದ್ದಲ್ಲ. ‘ಅವನ ಹಿಡಿತ ಬಿಗಿ’ ಸರಿ. ‘ಈ ಕಾವಿಗೆ ಹಿಡಿತ ಇಲ್ಲ’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಪಕ್ಷದ ಮೇಲೆ ಹಿಡಿತ, ಬೆಲೆ ಮೇಲೆ ಹಿಡಿತ ಅಂತ ಪೇಪರಿನವರು ಆ ಪದವನ್ನು ಬೇರೆ ಸವೆಸಿದ್ದಾರೆ. ‘ಪಟ್ಟು’ ಮೈಸೂರಿನ ಗರಡಿಮನೆಯ ಮಾತು. ಅದೂ ಹಿಡಿಯುವವನದ್ದೇ.

ಕುಲುಮೆ ಹತ್ತಿರ ಕಿವಿಗೊಟ್ಟರೆ ಬೇರೆಯೇ ಕೇಳುತ್ತದೆ. ‘ಕಾವು ಕೈಗೆ ಕಚ್ಕೋಬೇಕು’, ‘ಕೈಲಿ ಕೂರ್ಬೇಕು’. ಹೆಸರಿಲ್ಲ, ಬರೀ ಕ್ರಿಯಾಪದ. ನನಗೆ ‘ಕಚ್ಚು’ ಇಷ್ಟವಾಯಿತು. ಯಾಕೆಂದರೆ ಕಾವಿನ ಮೈಮೇಲೆ ಕೊರೆಯುವ ಗೀರೂ ಕಚ್ಚೇ. ಕಚ್ಚು ಹಾಕಿದರೆ ಕೈಗೆ ಕಚ್ಚಿಕೊಳ್ಳುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಕೊಡಲಿ ಬೀಸುವಾಗ ಕೆಳಗಿನ ಕೈ ಕಾವಿನ ತುದಿಯಲ್ಲೇ ಇರುತ್ತದೆ. ಮೇಲಿನ ಕೈ ಕೊಡಲಿಯ ತಲೆಯ ಹತ್ತಿರದಿಂದ ಕೆಳಗಿನ ಕೈವರೆಗೂ ಜಾರಿ ಬರಬೇಕು. ಅಂದರೆ ಒಂದೇ ಕಾವು ಒಂದು ಕಡೆ ಕಚ್ಚಬೇಕು, ಇನ್ನೊಂದು ಕಡೆ ಜಾರಬೇಕು. ಉದ್ದಕ್ಕೂ ಸೈಕಲ್ ಟ್ಯೂಬ್ ಸುತ್ತಿದವರಿಗೆ ಇದು ಮೊದಲ ಏಟಿಗೇ ಗೊತ್ತಾಗುತ್ತದೆ. ಒಂದೇ ಕಡೆ ಹಿಡಿಯುವ ಕಬ್ಬು ಕಡಿಯುವ ಮಚ್ಚಿಗೆ ಟ್ಯೂಬ್ ಪರವಾಗಿಲ್ಲ. ಇಡೀ ಕಾವಿನ ಗುಣ ಹೇಳುವ ಪದಕ್ಕಿಂತ ಜಾಗ ತೋರಿಸುವ ಪದ ಬೇಕು ಅಂತ ನನಗೆ ಅನ್ನಿಸಿದ್ದು ಇದಕ್ಕೇ.

‘ನುಣುಪು’, ‘ನಯ’ ಕೂಡ ಬೇರೆ ಮಾಡಿ ಬರೆಯಬೇಕಾಯಿತು. ಅಂಗಡಿ ಕಾವಿಗೆ ವಾರ್ನಿಷ್ ಬಳಿದಿರುತ್ತಾರೆ. ನೋಡೋಕೆ ಚೆಂದ, ಗಾಜಿನ ಹಾಗೆ ನುಣುಪು. ಬೆವರು ತಾಗಿದರೆ ಜಾರುತ್ತದೆ. ಜಾರದಿರಲಿ ಅಂತ ಅದುಮಿ ಹಿಡಿದರೆ ಅಂಗೈಯಲ್ಲಿ ಬೊಬ್ಬೆ. ಆ ವಾರ್ನಿಷನ್ನು ಹೆರೆದು ತೆಗೆದು, 80ರಿಂದ 120ನೇ ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್‌ಸೀಡ್ ಆಯಿಲ್’ ಅಂತ ಸಿಗುವ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒಣಗಿಸಿದರೆ ಸಿಗುವುದು ನಯ. ಸಿಬಿರು ಏಳುವುದಿಲ್ಲ, ಕೈಯೂ ಜಾರುವುದಿಲ್ಲ. ಹರಳೆಣ್ಣೆ ಹಚ್ಚಬೇಡಿ, ಅದು ಒಣಗುವ ಎಣ್ಣೆಯಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಲೂಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ. ಕಚ್ಚು ಹಾಕುವವರು ತುದಿಯ ಕಡೆ, ಆಳ ಮಾಡದೆ ಹಾಕಲಿ. ತಲೆಯ ಬುಡದಲ್ಲಿ ಕೊರೆದರೆ ಕಾವು ಅಲ್ಲೇ ಮುರಿಯುತ್ತದೆ.

ಈಗ ಪದಕ್ಕೆ ಬರೋಣ. ‘ಕೈಕಚ್ಚು’ ಅಂತ ಬರೆದು ನೋಡಿದೆ. ‘ಕೈ ಕಚ್ಚಿತು’ ಅಂದರೆ ನಷ್ಟ ಆಯಿತು ಅಂತಲೂ ಅರ್ಥ ಇದೆಯಲ್ಲ. ಕಬ್ಬು ಬೆಳೆಯುವವರ ಮುಂದೆ ಆ ಪದ ಇಡೋದು ಬೇಡ ಅನ್ನಿಸಿತು. ‘ಕಾವುಗಚ್ಚು’ ಅಂದರೆ ಗಾರೆಯ ‘ಗಚ್ಚು’ ನೆನಪಾಗುತ್ತದೆ. ಸದ್ಯಕ್ಕೆ ಗೀರಿಗೆ ‘ಕಚ್ಚು’ ಅಂತಲೇ ಇಟ್ಟು, ಗುಣ ಹೇಳಬೇಕಾದ ಕಡೆ ‘ಕೈಗೆ ಕಚ್ಚಿಕೊಳ್ಳುವ ಕಾವು’ ಅಂತ ಬಿಡಿಸಿ ಬರೆದಿದ್ದೇನೆ. ಸುಮ್ನೆ ‘ಗ್ರಿಪ್’ ಅಂತ ಬರೆದರೂ ಓದುವವರಿಗೆ ತೊಂದರೆ ಏನಿಲ್ಲ. ಆದರೆ ಆಗ ಕಾವಿನ ಉದ್ದಕ್ಕೂ ಗ್ರಿಪ್ ಬೇಕು ಅಂತ ಓದಿಕೊಳ್ಳುತ್ತಾರೆ ಅನ್ನೋ ಅನುಮಾನ ನನ್ನದು.

ಧಾರವಾಡ, ಮಲೆನಾಡು, ಕರಾವಳಿ ಕಡೆಯವರು ಏನು ಹೇಳುತ್ತೀರಿ? ಇನ್ನೊಂದು: ಕೈ ತಪ್ಪಿ ಕೊಡಲಿ ಹಾರಿಹೋಗದ ಹಾಗೆ ಕಾವಿನ ತುದಿಯನ್ನು ಸ್ವಲ್ಪ ಉಬ್ಬಿಸಿ ಕೆತ್ತುತ್ತಾರೆ. ಆ ಉಬ್ಬಿಗೆ ನಿಮ್ಮಲ್ಲಿ ಬೇರೆ ಹೆಸರಿದ್ದರೆ ತಿಳಿಸಿ.